ಪ್ಯಾನಲ್ ರೂಮಿನ ಹಳೆಯ ಸಿಒ2 ವ್ಯವಸ್ಥೆಯನ್ನು ಬದಲಿಸಬೇಕೇ? ಯಾವ ಅನಿಲ, ಎಷ್ಟು, ಏಕೆ?

ಪ್ರಶ್ನೆ: ಉದ್ಯಮಬಾಗ್ ನಿರ್ವಹಣೆ, ಬೆಳಗಾವಿ

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗಿನಲ್ಲಿ ಹೈಡ್ರಾಲಿಕ್ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮುಖ್ಯ ವಿದ್ಯುತ್ ಪ್ಯಾನಲ್ ರೂಮು 8 ಮೀಟರ್ ಉದ್ದ, 5 ಮೀಟರ್ ಅಗಲ ಮತ್ತು 3 ಮೀಟರ್ ಎತ್ತರವಿದ್ದು, ಕಟ್ಟಡ ಕಟ್ಟಿದಾಗಲೇ ಅಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಸುವ ಬೆಂಕಿ ನಂದಿಸುವ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ತಲಾ 45 ಕಿಲೋ ಅನಿಲದ ನಾಲ್ಕು ಸಿಲಿಂಡರ್‌ಗಳು ಪಕ್ಕದ ಮೊಗಸಾಲೆಯಲ್ಲಿವೆ. ಕಾಲಕ್ರಮದಲ್ಲಿ ಅದೇ ರೂಮಿಗೆ ಒಂದು ಸರ್ವರ್ ರ‍್ಯಾಕ್ ಬಂತು, ಅದರ ಜೊತೆಗೆ ಶಿಫ್ಟ್ ಎಲೆಕ್ಟ್ರಿಷಿಯನ್ ಕೂರುವ ಮೇಜೂ ಬಂತು.

ವಿಮಾ ಕಂಪನಿಯ ಪರವಾಗಿ ಬಂದಿದ್ದ ಸರ್ವೇಯರ್ ಈ ಮೇಜನ್ನು ನೋಡಿ, ಜನ ಕೂರುವ ಕೊಠಡಿಯಲ್ಲಿ ಸಿಒ2 ಇರಕೂಡದು, ಕ್ಲೀನ್ ಏಜೆಂಟಿಗೆ (ಶೇಷ ಉಳಿಸದೆ ಬೆಂಕಿ ಆರಿಸುವ ಅನಿಲಕ್ಕೆ) ಬದಲಾಯಿಸಿ ಎಂದು ವರದಿಯಲ್ಲಿ ಬರೆದಿದ್ದಾರೆ. ಅದರಂತೆ ಮೂವರಿಂದ ಕೊಟೇಶನ್ ಪಡೆದಿದ್ದೇವೆ. ಮೊದಲನೆಯವರು ಎಚ್‌ಎಫ್‌ಸಿ-227ಇಎ, ಅಂದರೆ ಮಾರುಕಟ್ಟೆಯಲ್ಲಿ ಎಫ್‌ಎಂ-200 ಎನ್ನುವ ಅನಿಲವನ್ನು 75 ಕಿಲೋ ಬೇಕೆಂದು ಬರೆದಿದ್ದಾರೆ. ಎರಡನೆಯವರು ಎಫ್‌ಕೆ-5-1-12 ಎಂಬುದನ್ನು ಸೂಚಿಸಿ, ಮುಂದಿನ ದಿನಗಳಲ್ಲಿ ಇದೊಂದೇ ಉಳಿಯುತ್ತದೆ ಎನ್ನುತ್ತಿದ್ದಾರೆ. ಮೂರನೆಯವರದು ಐಜಿ-541 ಜಡಾನಿಲ. ಬೆಲೆಗಳಲ್ಲಿ ಬಹಳ ಅಂತರವಿದೆ, ಮತ್ತು ಮೂವರೂ ತಮ್ಮ ಅನಿಲವೇ ಶ್ರೇಷ್ಠ ಎನ್ನುತ್ತಿರುವುದರಿಂದ ಯಾರ ಮಾತನ್ನು ಹಿಡಿಯಬೇಕೆಂದು ತೋಚುತ್ತಿಲ್ಲ. ನಮ್ಮ ಮಾಲೀಕರ ಪ್ರಶ್ನೆಯೇ ಬೇರೆ: ಮೇಜನ್ನು ಹೊರಗೆ ಹಾಕಿದರೆ ಇರುವ ವ್ಯವಸ್ಥೆಯನ್ನೇ ಮುಂದುವರಿಸಬಹುದಲ್ಲವೇ?

ಇದರೊಡನೆ ಶಾಪ್ ಫ್ಲೋರಿಗೆ ಸ್ಪ್ರಿಂಕ್ಲರ್ ಹಾಕಿಸುವ ಮಾತೂ ನಡೆದಿದೆ. ಒಂದು ಕಡೆ ಹೊಗೆ ಎದ್ದರೆ ಎಲ್ಲ ಕಡೆಯೂ ನೀರು ಸುರಿದು ಯಂತ್ರಗಳೆಲ್ಲ ಹಾಳಾಗುತ್ತವೆ ಎಂಬ ಭಯ ನಮ್ಮ ಉತ್ಪಾದನಾ ವಿಭಾಗದವರಿಗಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಅಗ್ನಿರಕ್ಷಣಾ ವಿನ್ಯಾಸಕ, ಬೆಂಗಳೂರು

ನಮಸ್ಕಾರ. ತಾವು ಕೊಠಡಿಯ ಅಳತೆಯನ್ನು ಕೊಟ್ಟಿದ್ದು ಒಳ್ಳೆಯದಾಯಿತು. ಈ ವಿಷಯದಲ್ಲಿ ಅಳತೆಯಿಲ್ಲದ ಸಲಹೆಗೆ ಬೆಲೆಯಿಲ್ಲ.

ತಮ್ಮ ಕೊಠಡಿಯ ಘನ ಅಳತೆ 120 ಘನ ಮೀಟರ್. ವಿದ್ಯುತ್ ಉಪಕರಣಗಳ ಬೆಂಕಿಗೆ ಸಿಒ2 ಸಾಂದ್ರತೆ ಶೇ. 50ಕ್ಕೆ ಏರಬೇಕೆಂಬ ನಿಯಮದಂತೆ, ಈ ಗಾತ್ರದ ಕೊಠಡಿಗೆ ಘನ ಮೀಟರಿಗೆ 1.33 ಕಿಲೋ ಲೆಕ್ಕ ಹಿಡಿದರೆ ಸುಮಾರು 160 ಕಿಲೋ ಬರುತ್ತದೆ. ನಾಲ್ಕು ಸಿಲಿಂಡರ್‌ಗಳ 180 ಕಿಲೋ ಅದಕ್ಕೆ ಸರಿಹೊಂದುತ್ತದೆ, ಅಂದರೆ ಅಂದಿನ ವಿನ್ಯಾಸಕರು ಲೆಕ್ಕ ಮಾಡಿಯೇ ಹಾಕಿದ್ದಾರೆ. ತೊಂದರೆ ಇರುವುದು ಅವರ ಲೆಕ್ಕದಲ್ಲಲ್ಲ. ಸಿಒ2 ಸಾಂದ್ರತೆ ಶೇ. 10 ದಾಟಿದರೆ ಮನುಷ್ಯನಿಗೆ ಬೇಗನೆ ಪ್ರಜ್ಞೆ ತಪ್ಪುತ್ತದೆ, ಶೇ. 17ರ ಮೇಲೆ ಹೋದರೆ ಅಲ್ಪಕಾಲದಲ್ಲೇ ಸಾವು. ಆದ್ದರಿಂದ ಶೇ. 50ರ ಕೊಠಡಿಯೊಳಗೆ ಸಿಕ್ಕಿಕೊಂಡವನಿಗೆ ಬಾಗಿಲ ತನಕ ನಡೆಯುವಷ್ಟು ಸಮಯವೂ ಇರುವುದಿಲ್ಲ. ಜನರು ಸಾಮಾನ್ಯವಾಗಿ ಇರುವ ಕೊಠಡಿಗಳಲ್ಲಿ ಹೊಸದಾಗಿ ಇಂಥ ವ್ಯವಸ್ಥೆಯನ್ನು ಹಾಕುವುದನ್ನು ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಸಿಒ2 ಮಾನದಂಡವಾದ ಎನ್‌ಎಫ್‌ಪಿಎ 12 ಈಗ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸರ್ವೇಯರ್ ಬರೆದಿರುವುದು ಸರಿಯಾಗಿದೆ.

ಇನ್ನು ಮೂರು ಕೊಟೇಶನ್‌ಗಳ ವಿಷಯ. ಎಚ್‌ಎಫ್‌ಸಿ-227ಇಎ ಅನಿಲವನ್ನು ಶೇ. 7.9ರ ಸಾಂದ್ರತೆಗೆ, 20 ಡಿಗ್ರಿ ಉಷ್ಣಾಂಶದಲ್ಲಿ ಲೆಕ್ಕ ಹಾಕಿದರೆ 120 ಘನ ಮೀಟರಿಗೆ ಸರಿಯಾಗಿ 75 ಕಿಲೋ ಬರುತ್ತದೆ. ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅದೇ ತೂಕದ ಅನಿಲ ಹೆಚ್ಚು ಜಾಗವನ್ನು ಆವರಿಸುತ್ತದೆ. ಎತ್ತರದ ತಿದ್ದುಪಡಿ ಹಾಕಿದರೆ 70 ಕಿಲೋದ ಆಸುಪಾಸಿಗೆ ಇಳಿಯಬೇಕಾಗಿತ್ತು. ಐದಾರು ಕಿಲೋ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಅನ್ನಿಸಬಹುದು, ಆದರೆ ಈ ಅನಿಲವು ಹೃದಯದ ಬಡಿತದ ಮೇಲೆ ಯಾವ ದುಷ್ಪರಿಣಾಮವನ್ನೂ ತೋರದ ಮಿತಿ ಶೇ. 9, ಪರಿಣಾಮ ಕಾಣಿಸಿಕೊಳ್ಳುವುದು ಶೇ. 10.5ರಲ್ಲಿ. ಸಮುದ್ರ ಮಟ್ಟದ ಇದೇ ಲೆಕ್ಕವನ್ನು 900 ಮೀಟರ್ ದಾಟಿದ ಬೆಂಗಳೂರಿಗೆ ಹಾಗೆಯೇ ತಂದು, ಬೇಸಿಗೆಯಲ್ಲಿ ಕೊಠಡಿ 35 ಡಿಗ್ರಿ ಇರುವಾಗ ಅನಿಲ ಬಿಟ್ಟರೆ ಸಾಂದ್ರತೆ ಶೇ. 9ನ್ನು ದಾಟುತ್ತದೆ. ಅನಿಲದ ಪ್ರಮಾಣವನ್ನು ಕೊಠಡಿಯ ಅತಿ ಕಡಿಮೆ ಉಷ್ಣಾಂಶಕ್ಕೆ ಲೆಕ್ಕ ಹಾಕಬೇಕು, ಮನುಷ್ಯರ ಸುರಕ್ಷತೆಯನ್ನು ಅತಿ ಹೆಚ್ಚಿನ ಉಷ್ಣಾಂಶದಲ್ಲಿ ಪರೀಕ್ಷಿಸಬೇಕು. ಕೊಟೇಶನ್ ಜೊತೆಗೆ ಲೆಕ್ಕದ ಹಾಳೆಯನ್ನು ಕೇಳಿ, ಅದರಲ್ಲಿ ಎತ್ತರದ ತಿದ್ದುಪಡಿಯ ಸಾಲು ಇದೆಯೇ ಎಂದು ನೋಡಿದರೆ ಸರಬರಾಜುದಾರರು ತಮ್ಮ ಕೊಠಡಿಗಾಗಿಯೇ ವಿನ್ಯಾಸ ಮಾಡಿದ್ದಾರೋ ಇಲ್ಲವೋ ಎಂಬುದು ಗೊತ್ತಾಗುತ್ತದೆ.

ಐಜಿ-541 ಎಂದರೆ ಶೇ. 52 ಸಾರಜನಕ, ಶೇ. 40 ಆರ್ಗಾನ್ ಮತ್ತು ಶೇ. 8 ಕಾರ್ಬನ್ ಡೈಆಕ್ಸೈಡ್‌ಗಳ ಮಿಶ್ರಣ. ಇದು ಆಮ್ಲಜನಕವನ್ನು ಶೇ. 12ರಿಂದ 13ರ ಮಟ್ಟಕ್ಕೆ ಇಳಿಸಿ ಬೆಂಕಿಯನ್ನು ಆರಿಸುತ್ತದೆ. ಅದರಲ್ಲಿರುವ ಅಲ್ಪ ಸಿಒ2 ಉಸಿರಾಟವನ್ನು ಚುರುಕುಗೊಳಿಸುವುದರಿಂದ ಒಳಗಿದ್ದವರು ಹೊರಬರಲು ಅವಕಾಶ ಸಿಗುತ್ತದೆ. ವಾತಾವರಣಕ್ಕೆ ಯಾವ ಹೊರೆಯೂ ಇಲ್ಲ. ಆದರೆ ತಮ್ಮ ಕೊಠಡಿಗೆ 60 ಘನ ಮೀಟರಿನಷ್ಟು ಅನಿಲ ಬೇಕು, ಅಂದರೆ 200 ಬಾರ್ ಒತ್ತಡದ 80 ಲೀಟರ್ ಸಿಲಿಂಡರ್‌ಗಳು ನಾಲ್ಕಾದರೂ ಬೇಕು, ಮತ್ತು ಅಷ್ಟು ಅನಿಲ ಒಂದೆರಡು ನಿಮಿಷದಲ್ಲಿ ನುಗ್ಗಿದಾಗ ಗೋಡೆ ಬಾಗಿಲುಗಳು ತಡೆದುಕೊಳ್ಳಲು ಒತ್ತಡ ಇಳಿಸುವ ಕಿಂಡಿ ಕಡ್ಡಾಯ. ಸರ್ವರ್ ರ‍್ಯಾಕಿನ ಬಗ್ಗೆಯೂ ಯೋಚಿಸಬೇಕು. 2016ರ ಸೆಪ್ಟೆಂಬರಿನಲ್ಲಿ ರುಮೇನಿಯಾದ ಬುಕಾರೆಸ್ಟಿನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಜಡಾನಿಲ ವ್ಯವಸ್ಥೆಯ ಪರೀಕ್ಷೆ ನಡೆಯುತ್ತಿದ್ದಾಗ, ನಾಜಲ್‌ಗಳಿಂದ ಹೊರಟ ಭಾರೀ ಶಬ್ದಕ್ಕೇ ಹಾರ್ಡ್ ಡಿಸ್ಕ್‌ಗಳು ಕೆಟ್ಟು ಬ್ಯಾಂಕಿನ ಸೇವೆಗಳು ಗಂಟೆಗಟ್ಟಲೆ ನಿಂತುಹೋದವು. ಶಬ್ದ ತಗ್ಗಿಸುವ ನಾಜಲ್‌ಗಳು ಈಗ ಸಿಗುತ್ತವೆ. ಕೊಟೇಶನ್ನಿನಲ್ಲಿ ಅವನ್ನು ಹೆಸರಿಸಿ ಬರೆಸಿಕೊಳ್ಳಬೇಕು.

ಎಫ್‌ಕೆ-5-1-12 ಸಾಮಾನ್ಯ ಉಷ್ಣಾಂಶದಲ್ಲಿ ದ್ರವ. ಅದು ಕುದಿಯುವುದು 49 ಡಿಗ್ರಿಯಲ್ಲಿ. ನಾಜಲ್‌ನಿಂದ ಚಿಮ್ಮುವಾಗ ಆವಿಯಾಗಿ ಬೆಂಕಿಯ ಶಾಖವನ್ನು ಹೀರಿಕೊಳ್ಳುತ್ತದೆ. ತಮ್ಮ ಕೊಠಡಿಗೆ ಶೇ. 5.3ರ ಸಾಂದ್ರತೆಯಲ್ಲಿ, ಎತ್ತರದ ತಿದ್ದುಪಡಿಗೆ ಮುಂಚೆ, 93 ಕಿಲೋ ಬೇಕಾಗುತ್ತದೆ. ಸುರಕ್ಷತೆಯ ಮಿತಿ ಶೇ. 10 ಆಗಿರುವುದರಿಂದ ನಡುವೆ ಸಾಕಷ್ಟು ಅಂತರವಿದೆ, ಮತ್ತು ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಇಷ್ಟಪಡುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ, ಅನಿಲದ ಆಯ್ಕೆ ಎರಡನೆಯ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಮೊದಲನೆಯದು ಕೊಠಡಿ. ಅನಿಲ ಹೊರಬಿದ್ದ ನಂತರ ಕನಿಷ್ಠ 10 ನಿಮಿಷ ಬೇಕಾದ ಸಾಂದ್ರತೆಯಲ್ಲಿ ಒಳಗೇ ನಿಲ್ಲಬೇಕು. ಪ್ಯಾನಲ್ ರೂಮುಗಳಲ್ಲಿ ವರ್ಷ ವರ್ಷವೂ ಹೊಸ ಕೇಬಲ್ ಎಳೆಯುತ್ತಾರೆ, ಗೋಡೆಗೆ ರಂಧ್ರ ಕೊರೆಯುತ್ತಾರೆ, ಆದರೆ ಮುಚ್ಚುವವರಿಲ್ಲ. ಕೇಬಲ್ ಟ್ರೆಂಚಿನ ಬಾಯಿ, ಬಸ್‌ಡಕ್ಟ್ ಸುತ್ತಲಿನ ಸಂದು, ಬಾಗಿಲಿನ ಕೆಳಗಿನ ಬೆರಳಗಲದ ಜಾಗ, ಫಾಲ್ಸ್ ಸೀಲಿಂಗಿನ ಮೇಲೆ ಗೋಡೆ ಛಾವಣಿಯನ್ನು ತಲುಪದೆ ನಿಂತಿರುವುದು, ಇವೆಲ್ಲ ಸೇರಿದರೆ 75 ಕಿಲೋ ಅನಿಲ ಕೆಲವೇ ನಿಮಿಷಗಳಲ್ಲಿ ಹೊರಗೆ ಹೋಗಿರುತ್ತದೆ. ಬಾಗಿಲಿಗೆ ಫ್ಯಾನ್ ಕೂರಿಸಿ ಕೊಠಡಿಯ ಸೋರಿಕೆಯನ್ನು ಅಳೆಯುವ ಡೋರ್ ಫ್ಯಾನ್ ಪರೀಕ್ಷೆ ಇದಕ್ಕಾಗಿಯೇ ಇದೆ. ಒಂದು ಗ್ರಾಂ ಅನಿಲವನ್ನೂ ಖರ್ಚು ಮಾಡದೆ, ಅನಿಲ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅದು ತಿಳಿಸಿಕೊಡುತ್ತದೆ. ಕೊಟೇಶನ್‌ಗಳನ್ನು ಹೋಲಿಸುವ ಮೊದಲು ಈ ಪರೀಕ್ಷೆಯನ್ನು ಮಾಡಿಸಿ.

ಎರಡನೆಯದು ವಿದ್ಯುತ್ ಕಡಿತ. ಅನಿಲವು ಜ್ವಾಲೆಯನ್ನು ಆರಿಸುತ್ತದೆಯೇ ಹೊರತು ಸಡಿಲವಾದ ಜೋಡಣೆಯಲ್ಲಿ ಹರಿಯುತ್ತಿರುವ ಕರೆಂಟನ್ನು ನಿಲ್ಲಿಸುವುದಿಲ್ಲ. ವಿದ್ಯುತ್ ಹಾಗೆಯೇ ಇದ್ದರೆ ಅನಿಲ ತೆಳುವಾದ ಕೂಡಲೇ ಬೆಂಕಿ ಮತ್ತೆ ಹತ್ತಿಕೊಳ್ಳುತ್ತದೆ. ಇಲ್ಲಿ ಬಹಳ ಮಂದಿಯ ಗಮನಕ್ಕೆ ಬಾರದ ಒಂದು ಅಂಶವಿದೆ: ಮುಖ್ಯ ಬ್ರೇಕರ್ ಟ್ರಿಪ್ ಆದ ತಕ್ಷಣ ಎಎಂಎಫ್ ಪ್ಯಾನಲ್ ಲೈನ್ ಹೋಯಿತೆಂದು ತಿಳಿದು ಜನರೇಟರನ್ನು ತಾನೇ ಚಾಲೂ ಮಾಡಿ, ಉರಿಯುತ್ತಿರುವ ಪ್ಯಾನಲಿಗೇ ಮರಳಿ ವಿದ್ಯುತ್ ಕೊಡುತ್ತದೆ. ಯುಪಿಎಸ್ಸಿನದೂ ಅದೇ ಕಥೆ. ಅನಿಲ ಬಿಡುಗಡೆಯ ಸಂಕೇತ ಮುಖ್ಯ ಬ್ರೇಕರಿಗೆ, ಎಎಂಎಫಿಗೆ, ಯುಪಿಎಸ್ಸಿಗೆ, ಏಸಿಗೆ ಮತ್ತು ಎಗ್ಸಾಸ್ಟ್ ಫ್ಯಾನಿಗೆ, ಎಲ್ಲಕ್ಕೂ ಹೋಗುವಂತೆ ಇಂಟರ್‌ಲಾಕ್ ಇರಬೇಕು.

ಸ್ಪ್ರಿಂಕ್ಲರ್ ಕುರಿತ ಭಯಕ್ಕೆ ಉತ್ತರ ಸರಳವಾಗಿದೆ. ಶಾಪ್ ಫ್ಲೋರಿಗೆ ಹಾಕುವ ಸಾಮಾನ್ಯ ಸ್ಪ್ರಿಂಕ್ಲರುಗಳು ಹೊಗೆಗೆ ತೆರೆದುಕೊಳ್ಳುವುದಿಲ್ಲ. ಪ್ರತಿಯೊಂದು ತಲೆಯಲ್ಲೂ ದ್ರವ ತುಂಬಿದ ಗಾಜಿನ ಗುಳಿಗೆ ಇರುತ್ತದೆ. ಕೆಂಪು ಬಣ್ಣದ್ದು 68 ಡಿಗ್ರಿಗೆ, ಹಳದಿಯದು 79 ಡಿಗ್ರಿಗೆ ಒಡೆಯುತ್ತದೆ. ಬೆಂಕಿಯ ನೇರ ಮೇಲಿರುವ ಒಂದೆರಡು ತಲೆಗಳು ಮಾತ್ರ ತೆರೆದುಕೊಳ್ಳುತ್ತವೆ, ಉಳಿದವು ಮುಚ್ಚಿಯೇ ಇರುತ್ತವೆ. ಕೆ-80 ಮಾದರಿಯ ಒಂದು ತಲೆ 1 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ನೀರು ಬಿಡುತ್ತದೆ. ಬೆಂಕಿ ಬಲಿತ ನಂತರ ಬರುವ ಅಗ್ನಿಶಾಮಕ ದಳದ ಒಂದೊಂದು ಹೋಸ್ ಪೈಪೂ ಅದರ ಹಲವು ಪಟ್ಟು ನೀರನ್ನು ಸುರಿಸಬೇಕಾಗುತ್ತದೆ. ಕೆಲಸ ಮಾಡದೇ ಹೋದ ಸ್ಪ್ರಿಂಕ್ಲರ್ ವ್ಯವಸ್ಥೆಗಳನ್ನು ಅಮೆರಿಕದ ಎನ್‌ಎಫ್‌ಪಿಎ ಅಧ್ಯಯನ ಮಾಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಂಡದ್ದು ಮೊದಲೇ ಯಾರೋ ನೀರನ್ನು ಬಂದ್ ಮಾಡಿಟ್ಟಿದ್ದರೆಂಬುದು. ಆದ್ದರಿಂದ ಮುಖ್ಯ ವಾಲ್ವ್ ತೆರೆದ ಸ್ಥಿತಿಯಲ್ಲಿ ಸರಪಳಿ ಹಾಕಿ ಬೀಗ ಹಾಕಿರಬೇಕು, ಮತ್ತು ಡೀಸೆಲ್ ಪಂಪನ್ನು ವಾರಕ್ಕೊಮ್ಮೆ ಓಡಿಸಬೇಕು. ವಿನ್ಯಾಸಕ್ಕೆ ಐಎಸ್ 15105 ಮತ್ತು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗವನ್ನು ಅನುಸರಿಸಿ.

ಉತ್ತರ: ನಿವೃತ್ತ ಅಗ್ನಿಶಾಮಕ ಅಧಿಕಾರಿ, ಮೈಸೂರು

ವಿನ್ಯಾಸಕರು ಬರೆದಿರುವುದನ್ನು ಪೂರ್ಣವಾಗಿ ಒಪ್ಪುತ್ತೇನೆ. ಮಾಲೀಕರ ಪ್ರಶ್ನೆಗೆ ಮಾತ್ರ ಇನ್ನಷ್ಟು ಸ್ಪಷ್ಟವಾದ ಉತ್ತರ ಬೇಕೆನಿಸಿದ್ದರಿಂದ ಬರೆಯುತ್ತಿದ್ದೇನೆ.

ಮೇಜನ್ನು ಹೊರಗೆ ಹಾಕಿದ ಮಾತ್ರಕ್ಕೆ ಆ ಕೊಠಡಿ ನಿರ್ಜನವಾಗುವುದಿಲ್ಲ. ಎಲೆಕ್ಟ್ರಿಷಿಯನ್ ರೀಡಿಂಗ್ ಬರೆದುಕೊಳ್ಳಲು ಹೋಗುತ್ತಾನೆ, ಗುತ್ತಿಗೆದಾರನ ಹುಡುಗರು ಕೇಬಲ್ ಎಳೆಯಲು ಹೋಗುತ್ತಾರೆ, ಗುಡಿಸುವವರು ಹೋಗುತ್ತಾರೆ. ಇವರಲ್ಲಿ ಸೈರನ್ ಕೂಗಿದರೆ ಏನರ್ಥ ಎಂಬುದು ಎಷ್ಟು ಮಂದಿಗೆ ಗೊತ್ತಿರುತ್ತದೆ? ಸಿಒ2 ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದು. ಅದು ಕೇಬಲ್ ಟ್ರೆಂಚಿಗೆ ಇಳಿದು, ಅಲ್ಲಿಂದ ಪಕ್ಕದ ಗುಂಡಿಗೆ, ನೆಲಮಾಳಿಗೆಗೆ ನೀರಿನಂತೆ ಹರಿದು ಹೋಗಿ ನಿಲ್ಲುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಹತ್ತಿದ ಕೊಠಡಿಯಿಂದ ಎಲ್ಲರೂ ಸುರಕ್ಷಿತವಾಗಿ ಹೊರಬಂದ ಮೇಲೆ, ಅದರ ಅರಿವೇ ಇಲ್ಲದೆ ಪಕ್ಕದ ತಗ್ಗಿನಲ್ಲಿ ಕೆಲಸ ಮಾಡುತ್ತಿದ್ದವನು ಸಾಯುವ ಅಪಾಯ ನಿಜವಾದುದು. ಬಿದ್ದವನನ್ನು ಎತ್ತಲು ಉಸಿರಾಟದ ಉಪಕರಣವಿಲ್ಲದೆ ಇಳಿದವನೂ ಅಲ್ಲೇ ಬೀಳುತ್ತಾನೆ.

ತಕ್ಷಣ ಬದಲಾಯಿಸಲು ಹಣವಿಲ್ಲದಿದ್ದರೆ, ಅಲ್ಲಿಯವರೆಗೆ ಇಷ್ಟನ್ನಾದರೂ ಮಾಡಿ. ಯಾರೇ ಒಳಗೆ ಹೋಗುವ ಮೊದಲು ಅನಿಲದ ಮುಖ್ಯ ಕೊಳವೆಯನ್ನು ಕೈಯಿಂದ ಮುಚ್ಚುವ ಲಾಕ್-ಆಫ್ ವಾಲ್ವ್ ಇರಬೇಕು, ಹೊರಬಂದ ಮೇಲೆ ಅದನ್ನು ತೆರೆದು ರಿಜಿಸ್ಟರಿನಲ್ಲಿ ಬರೆಯಬೇಕು. ಒಂದೇ ಡಿಟೆಕ್ಟರ್ ಹೊಗೆಯನ್ನು ಕಂಡಾಗ ಗಂಟೆ ಮಾತ್ರ ಬಾರಿಸಬೇಕು. ಎರಡನೆಯ ವಲಯದ ಡಿಟೆಕ್ಟರೂ ದೃಢಪಡಿಸಿದಾಗ ಮಾತ್ರ ಅನಿಲ ಬಿಡುವ ಎಣಿಕೆ ಆರಂಭವಾಗಬೇಕು, ಆ ಎಣಿಕೆ ಜನ ಹೊರಬರುವಷ್ಟು ದೀರ್ಘವಾಗಿರಬೇಕು. ಸಾಮಾನ್ಯವಾಗಿ 30 ಸೆಕೆಂಡು ಇಡುತ್ತಾರೆ, ಆದರೆ ಪ್ಯಾನಲ್‌ಗಳ ಹಿಂಭಾಗದ ಮೂಲೆಯಿಂದ ಬಾಗಿಲಿಗೆ ನೀವೇ ಒಮ್ಮೆ ನಡೆದು ನೋಡಿ ನಿರ್ಧರಿಸಿ. ಬಾಗಿಲು ಹೊರಕ್ಕೆ ತೆರೆಯಬೇಕು ಮತ್ತು ಒಳಗಿನಿಂದ ಎಂದೂ ಬೀಗ ಬೀಳಬಾರದು. ಎಚ್ಚರಿಕೆಯ ಫಲಕ ಕನ್ನಡದಲ್ಲಿರಲಿ. ನಿಮ್ಮ ಊರಿನಲ್ಲಿ ಮರಾಠಿ ಮತ್ತು ಹಿಂದಿಯಲ್ಲೂ ಇರಲಿ, ಏಕೆಂದರೆ ಗುತ್ತಿಗೆಯ ಕೆಲಸಗಾರರು ಎಲ್ಲಿಂದಲೋ ಬಂದಿರುತ್ತಾರೆ.

ಕೇಬಲ್ ರಂಧ್ರಗಳನ್ನು ಮುಚ್ಚುವ ಮಾತಿಗೆ ನಾನೂ ದನಿ ಸೇರಿಸುತ್ತೇನೆ, ಅನಿಲ ಉಳಿಯಲೆಂದು ಮಾತ್ರವಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತರು. ಅಲ್ಲಿ ಜನರನ್ನು ದಿಕ್ಕೆಡಿಸಿದ್ದು ಜ್ವಾಲೆಗಿಂತ ಹೆಚ್ಚಾಗಿ ವಿದ್ಯುತ್ ಡಕ್ಟಿನ ಮೂಲಕ ಮಹಡಿಯಿಂದ ಮಹಡಿಗೆ ಏರಿದ ಹೊಗೆ. 2016ರ ಫೆಬ್ರವರಿಯಲ್ಲಿ ಶರಾವತಿ ಜಲವಿದ್ಯುದಾಗಾರದಲ್ಲಿ ಬೆಂಕಿ ಬಿದ್ದಾಗ ಕೇಬಲ್‌ಗಳು ಸುಟ್ಟು 1,035 ಮೆಗಾವ್ಯಾಟ್ ಸಾಮರ್ಥ್ಯದ ಇಡೀ ಕೇಂದ್ರ ನಿಂತುಹೋಯಿತು. ಕೇಬಲ್ ಹಾದುಹೋಗುವ ದಾರಿಯೇ ಬೆಂಕಿ ಮತ್ತು ಹೊಗೆ ಹಾದುಹೋಗುವ ದಾರಿ. ಬೆಂಕಿ ತಡೆಯುವ ಸೀಲಂಟ್ ಹಾಕಿ ಮುಚ್ಚಿಸುವ ಖರ್ಚು ನೀವು ಪಡೆದ ಯಾವ ಕೊಟೇಶನ್ನಿಗೆ ಹೋಲಿಸಿದರೂ ಅಲ್ಪ, ಅದನ್ನು ಈ ವಾರವೇ ಶುರುಮಾಡಬಹುದು.

ಮರುಪ್ರಶ್ನೆ: ಉದ್ಯಮಬಾಗ್ ನಿರ್ವಹಣೆ, ಬೆಳಗಾವಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಕೇಬಲ್ ಟ್ರೆಂಚ್ ಶಾಪ್ ಫ್ಲೋರಿನ ಒಂದು ಗುಂಡಿಗೆ ನೇರವಾಗಿ ತೆರೆದುಕೊಂಡಿದೆ, ಆ ಗುಂಡಿಯಲ್ಲಿ ಪಂಪ್ ರಿಪೇರಿಗೆ ಆಗಾಗ ಜನ ಇಳಿಯುತ್ತಾರೆ. ಹಿರಿಯರ ಮಾತು ಓದಿದ ಕೂಡಲೇ ಮಾಲೀಕರಿಗೆ ಇದನ್ನು ತೋರಿಸಿದೆ. ಅವರು ವ್ಯವಸ್ಥೆಯನ್ನು ಬದಲಿಸಲು ಒಪ್ಪಿದ್ದಾರೆ.

ಇನ್ನೆರಡು ಸಂಶಯಗಳಿವೆ. ನಮ್ಮ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ಕಾದ ಬಿಡಿಭಾಗಗಳನ್ನು ಎಣ್ಣೆಯಲ್ಲಿ ಮುಳುಗಿಸಿ ತಣಿಸುವ ಒಂದು ಆಯಿಲ್ ಕ್ವೆಂಚಿಂಗ್ ಟ್ಯಾಂಕ್ ಇದೆ. ಸ್ಪ್ರಿಂಕ್ಲರ್ ಹಾಕುವುದಾದರೆ ಅದರ ಮೇಲೂ ಬರಬೇಕೇ? ಎರಡನೆಯದಾಗಿ, ನೀಟ್ ಕಟಿಂಗ್ ಆಯಿಲ್ (ನೀರು ಬೆರೆಸದ ಎಣ್ಣೆ) ಬಳಸುವ ಕೆಲವು ಸಿಎನ್‌ಸಿ ಗ್ರೈಂಡಿಂಗ್ ಯಂತ್ರಗಳು ನಮ್ಮಲ್ಲಿವೆ. ಅವುಗಳ ಒಳಗೇ ಬೆಂಕಿ ನಂದಿಸುವ ವ್ಯವಸ್ಥೆ ಹಾಕುತ್ತಾರೆಂದು ಕೇಳಿದ್ದೇನೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ: ಹೀಟ್ ಟ್ರೀಟ್‌ಮೆಂಟ್, ಪೀಣ್ಯ

ಕ್ವೆಂಚಿಂಗ್ ಟ್ಯಾಂಕಿನ ವಿಷಯದಲ್ಲಿ ನೀರೇ ದೊಡ್ಡ ಶತ್ರು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ನೀರು ಆವಿಯಾದಾಗ ಸುಮಾರು 1,600 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಕಾದ ಎಣ್ಣೆಯ ತಳಕ್ಕೆ ನೀರು ಇಳಿದು ಒಮ್ಮೆಗೇ ಆವಿಯಾದರೆ, ಟ್ಯಾಂಕಿನಲ್ಲಿರುವ ಎಣ್ಣೆ ಉರಿಯುತ್ತಲೇ ನೆಲದ ಮೇಲೆಲ್ಲ ಚೆಲ್ಲುತ್ತದೆ. ಎಣ್ಣೆಯಲ್ಲಿ ಸಾವಿರದಲ್ಲೊಂದು ಪಾಲು ನೀರು ಸೇರಿದರೂ ಅಪಾಯದ ಗಂಟೆ ಎಂದೇ ನಾವು ತಿಳಿಯುತ್ತೇವೆ. ಎಣ್ಣೆ ತಣಿಸುವ ಕೂಲರ್ ನೀರಿನದಾಗಿದ್ದರೆ ಅದರ ಟ್ಯೂಬ್ ಸೋರಿಕೆಯಿಂದಲೇ ಹೆಚ್ಚಾಗಿ ನೀರು ಸೇರುವುದು. ಎಣ್ಣೆಯ ಒತ್ತಡವನ್ನು ನೀರಿನ ಒತ್ತಡಕ್ಕಿಂತ ಹೆಚ್ಚಿಟ್ಟರೆ, ಟ್ಯೂಬ್ ತೂತಾದರೂ ಎಣ್ಣೆ ನೀರಿನ ಕಡೆಗೆ ಹೋಗುತ್ತದೆಯೇ ಹೊರತು ನೀರು ಎಣ್ಣೆಗೆ ಬರುವುದಿಲ್ಲ. ಸಾಧ್ಯವಿದ್ದರೆ ಗಾಳಿಯಿಂದ ತಣಿಸುವ ಕೂಲರನ್ನೇ ಹಾಕಿ.

ಛಾವಣಿಯ ಸ್ಪ್ರಿಂಕ್ಲರನ್ನು ಆ ವಿಭಾಗದಲ್ಲಿ ಬಿಟ್ಟುಬಿಡಬೇಕೆಂದು ಇದರರ್ಥವಲ್ಲ. ಕಟ್ಟಡದ ಉಕ್ಕಿನ ರಚನೆಯನ್ನು ಕಾಪಾಡಲು ಅದು ಬೇಕು. ಆದರೆ ಟ್ಯಾಂಕಿನ ಬಾಯಿಗೆ ನೀರು ನೇರವಾಗಿ ಬೀಳದಂತೆ ಹುಡ್ ಅಥವಾ ತಾನೇ ಮುಚ್ಚಿಕೊಳ್ಳುವ ಮುಚ್ಚಳ ಇರಬೇಕು, ಅಂಚು ನೆಲದಿಂದ ಸಾಕಷ್ಟು ಎತ್ತರವಿರಬೇಕು. ಟ್ಯಾಂಕಿಗೆಂದೇ ಪ್ರತ್ಯೇಕವಾಗಿ ಡ್ರೈ ಕೆಮಿಕಲ್ ಪೌಡರ್ ಅಥವಾ ಸಿಒ2 ಲೋಕಲ್ ಅಪ್ಲಿಕೇಶನ್ ವ್ಯವಸ್ಥೆ ಹಾಕುತ್ತಾರೆ, ಅಂದರೆ ಇಡೀ ಕೊಠಡಿಗಲ್ಲ, ಎಣ್ಣೆಯ ಮೇಲ್ಮೈಗೆ ಮಾತ್ರ ಗುರಿಯಿಟ್ಟ ನಾಜಲ್‌ಗಳು. ಸಿಒ2 ಹಾಕಿಸಿದರೆ ದ್ರವರೂಪದ ಹರಿವು 30 ಸೆಕೆಂಡಿಗೆ ಕಡಿಮೆಯಿರಬಾರದು. ಅದು ಎಣ್ಣೆಯನ್ನು ಹೆಚ್ಚು ತಣಿಸುವುದಿಲ್ಲವಾದ್ದರಿಂದ, ಒಳಗೆ ಕೆಂಪಗೆ ಕಾದ ಲೋಹ ಇನ್ನೂ ನೇತಾಡುತ್ತಿದ್ದರೆ ಬೆಂಕಿ ಮರುಕಳಿಸುತ್ತದೆ. ಎರಡನೆಯ ಸಲಕ್ಕೂ ಆಗುವಷ್ಟು ಅನಿಲ ಮೀಸಲಿರುವುದು ಒಳ್ಳೆಯದು. ಫೋಮ್ ಬಗ್ಗೆ ಯಾರಾದರೂ ಹೇಳಿದರೆ ಯೋಚಿಸಿ ಒಪ್ಪಿಕೊಳ್ಳಿ. ಫೋಮಿನಲ್ಲಿ ಇರುವುದು ಹೆಚ್ಚಾಗಿ ನೀರೇ, ಮತ್ತು 100 ಡಿಗ್ರಿ ಮೀರಿದ ಎಣ್ಣೆಯ ಮೇಲೆ ಅದು ನೊರೆಯೆದ್ದು ಉಕ್ಕುತ್ತದೆ.

ನಂದಿಸುವುದಕ್ಕಿಂತ ಮೊದಲು ಈ ಬೆಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿ. ಕಾದ ಜಾಬ್, ಅಂದರೆ ತಣಿಸಬೇಕಾದ ಬಿಡಿಭಾಗ, ಅರ್ಧ ಮುಳುಗಿ ಅರ್ಧ ಮೇಲಿರುವಾಗ ಹಾಯಿಸ್ಟ್ ಸಿಕ್ಕಿಹಾಕಿಕೊಂಡರೆ, ಆ ಮೇಲ್ಮೈಯ ಎಣ್ಣೆ ಕ್ಷಣಾರ್ಧದಲ್ಲಿ ಫ್ಲ್ಯಾಶ್ ಪಾಯಿಂಟನ್ನು (ಎಣ್ಣೆಯ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಉಷ್ಣಾಂಶವನ್ನು) ದಾಟುತ್ತದೆ. ಪೂರ್ತಿ ಮುಳುಗಿದ ಜಾಬಿಗೆ ಬೆಂಕಿ ಹತ್ತುವುದಿಲ್ಲ. ಕರೆಂಟ್ ಹೋದರೂ ಬ್ರೇಕನ್ನು ಕೈಯಿಂದ ಬಿಡಿಸಿ ಜಾಬನ್ನು ಕೆಳಗಿಳಿಸುವ ಏರ್ಪಾಡು ಹಾಯಿಸ್ಟಿನಲ್ಲಿರಬೇಕು, ಅದನ್ನು ಪ್ರತಿ ಶಿಫ್ಟಿನ ಆಪರೇಟರೂ ಮಾಡಿ ನೋಡಿರಬೇಕು. ಎಣ್ಣೆಯ ಉಷ್ಣಾಂಶ ಫ್ಲ್ಯಾಶ್ ಪಾಯಿಂಟಿಗಿಂತ ಕನಿಷ್ಠ 28 ಡಿಗ್ರಿ ಕೆಳಗಿರುವಾಗಲೇ ಕಟ್-ಆಫ್ ಆಗುವಂತೆ ಪ್ರತ್ಯೇಕ ಥರ್ಮೋಸ್ಟಾಟ್ ಇಡಿ. ಕುಲುಮೆಯ ನಿಯಂತ್ರಕವನ್ನೇ ಇದಕ್ಕೂ ನೆಚ್ಚಿಕೊಳ್ಳಬೇಡಿ.

ಸಿಎನ್‌ಸಿ ಗ್ರೈಂಡಿಂಗ್ ಯಂತ್ರಗಳಲ್ಲಿ ಒಳಗಿನ ವ್ಯವಸ್ಥೆಗೆ ಖಂಡಿತ ಪ್ರಯೋಜನವಿದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಎಣ್ಣೆಯ ಮಂಜು ತುಂಬಿರುತ್ತದೆ. ಟೂಲ್ ಮುರಿದಾಗ ಅಥವಾ ಎಣ್ಣೆಯ ಹರಿವು ನಿಂತು ಗ್ರೈಂಡಿಂಗ್ ವೀಲ್ ಒಣಗಿದಾಗ ಕಿಡಿ ಹಾರಿ, ಆ ಮಂಜು ಭುಗಿಲೆಂದು ಹೊತ್ತಿಕೊಳ್ಳುತ್ತದೆ. ರಾತ್ರಿ ಪಾಳಿಯಲ್ಲಿ ಯಂತ್ರಗಳನ್ನು ತಮ್ಮಷ್ಟಕ್ಕೇ ಓಡಲು ಬಿಡುವ ಕಾರ್ಖಾನೆಗಳಿಗೆ ಇದು ಇನ್ನೂ ಮುಖ್ಯ. ಜ್ವಾಲೆಯನ್ನು ಕಂಡುಹಿಡಿಯುವ ಆಪ್ಟಿಕಲ್ ಡಿಟೆಕ್ಟರ್ ಇರುವ ವ್ಯವಸ್ಥೆ ವೇಗವಾಗಿ ಕೆಲಸ ಮಾಡುತ್ತದೆ. ಶಾಖಕ್ಕೆ ಕರಗಿ ತೂತಾಗುವ ಪ್ಲಾಸ್ಟಿಕ್ ಟ್ಯೂಬಿನ ವ್ಯವಸ್ಥೆ ಅಗ್ಗ, ಅದಕ್ಕೆ ಕರೆಂಟೂ ಬೇಕಿಲ್ಲ. ಯಾವುದೇ ಇರಲಿ, ಬೆಂಕಿ ಕಂಡ ಕೂಡಲೇ ಎಣ್ಣೆಯ ಪಂಪು, ಸ್ಪಿಂಡಲ್ ಮತ್ತು ಮಂಜು ಹೀರುವ ಮಿಸ್ಟ್ ಕಲೆಕ್ಟರ್ ನಿಲ್ಲಬೇಕು, ಡಕ್ಟಿನ ಡ್ಯಾಂಪರ್ ಮುಚ್ಚಬೇಕು. ಇಲ್ಲವಾದರೆ ಕಲೆಕ್ಟರ್ ಅನಿಲವನ್ನೆಲ್ಲ ಹೀರಿಕೊಂಡು, ಬೆಂಕಿಯನ್ನೂ ಡಕ್ಟಿನುದ್ದಕ್ಕೂ ಎಳೆದೊಯ್ಯುತ್ತದೆ. ಇನ್ನೊಂದು ಎಚ್ಚರಿಕೆ: ಮೆಗ್ನೀಸಿಯಂ ಅಥವಾ ಟೈಟಾನಿಯಂ ಜಾಬ್‌ಗಳನ್ನು ಎಂದಾದರೂ ತೆಗೆದುಕೊಳ್ಳುವುದಾದರೆ ಆ ಯಂತ್ರಕ್ಕೆ ಸಿಒ2 ನಡೆಯುವುದಿಲ್ಲ. ಉರಿಯುವ ಮೆಗ್ನೀಸಿಯಂ ಚೂರು ಸಿಒ2ನಿಂದಲೂ ಆಮ್ಲಜನಕವನ್ನು ಕಿತ್ತುಕೊಂಡು ಉರಿಯುತ್ತದೆ.

ಉತ್ತರ: ಅಗ್ನಿರಕ್ಷಣಾ ವಿನ್ಯಾಸಕ, ಬೆಂಗಳೂರು

ಬದಲಿಸಲು ತೀರ್ಮಾನಿಸಿದ್ದು ತಿಳಿದು ಸಮಾಧಾನವಾಯಿತು. ಗುಂಡಿಗೆ ತೆರೆದಿರುವ ಟ್ರೆಂಚಿನ ಬಾಯನ್ನು ಹೊಸ ವ್ಯವಸ್ಥೆ ಬರುವವರೆಗೆ ಕಾಯದೆ ಈಗಲೇ ಮುಚ್ಚಿಸಿ.

ಅನಿಲದ ಆಯ್ಕೆಯಲ್ಲಿ ಮುಂದಿನ ಇಪ್ಪತ್ತು ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಈ ಕ್ಷೇತ್ರ ಒಮ್ಮೆ ಪೆಟ್ಟು ತಿಂದಿದೆ. ಹ್ಯಾಲಾನ್ 1301 ಬಹಳ ಒಳ್ಳೆಯ ಏಜೆಂಟ್ ಆಗಿತ್ತು. ಅದು ಓಜೋನ್ ಪದರವನ್ನು ನಾಶಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಮುಂದುವರಿದ ದೇಶಗಳು ಅದರ ಉತ್ಪಾದನೆಯನ್ನು 1994ರಿಂದ, ನಮ್ಮಂಥ ದೇಶಗಳು 2010ರೊಳಗೆ ನಿಲ್ಲಿಸಬೇಕಾಯಿತು. ಹ್ಯಾಲಾನ್ ಹಾಕಿಸಿದ್ದವರಿಗೆ ಮರುಭರ್ತಿ ಸಿಗದೆ ಪೈಪು, ನಾಜಲ್, ಸಿಲಿಂಡರ್ ಎಲ್ಲವನ್ನೂ ಬದಲಿಸಬೇಕಾಯಿತು. ಈಗ ಅದೇ ದಾರಿಯಲ್ಲಿ ಎಚ್‌ಎಫ್‌ಸಿಗಳ ಸರದಿ ಬಂದಿದೆ. ಎಚ್‌ಎಫ್‌ಸಿ-227ಇಎ ಓಜೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಬಲವಾದುದು. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಎಚ್‌ಎಫ್‌ಸಿ ಬಳಕೆ 2028ರಲ್ಲಿ ಒಂದು ಮಟ್ಟಕ್ಕೆ ನಿಂತು, 2032ರಿಂದ ಹಂತ ಹಂತವಾಗಿ ಇಳಿದು, 2047ರ ಹೊತ್ತಿಗೆ ಶೇ. 85ರಷ್ಟು ಕಡಿಮೆಯಾಗಬೇಕು. ಇಂದು ಅಗ್ಗವಾಗಿ ಕಾಣುವ ಮೊದಲನೆಯ ಕೊಟೇಶನ್ ಮರುಭರ್ತಿಯ ದಿನ ಅಗ್ಗವಾಗಿರಲಾರದು.

ಎಫ್‌ಕೆ-5-1-12ರ ವಿಷಯದಲ್ಲೂ ಒಂದು ಸಂಗತಿ ತಿಳಿದಿರಲಿ. ಅದನ್ನು ನೋವೆಕ್ 1230 ಎಂಬ ಹೆಸರಿನಲ್ಲಿ ಮಾರುತ್ತಿದ್ದ 3ಎಂ ಕಂಪನಿಯು ಪಿಎಫ್‌ಎಎಸ್ (ಪರಿಸರದಲ್ಲಿ ಬಹುಕಾಲ ಉಳಿಯುವ ಫ್ಲೋರಿನ್ ಸಂಯುಕ್ತಗಳು) ವರ್ಗದ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ಬಿಡುವುದಾಗಿ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದೇ ರಾಸಾಯನಿಕವನ್ನು ಬೇರೆ ತಯಾರಕರು ಮಾಡುತ್ತಿದ್ದಾರೆ. ಆದರೆ ನಾಜಲ್, ಸಿಲಿಂಡರ್, ವಾಲ್ವ್ ಮತ್ತು ದ್ರವ ಒಟ್ಟಾಗಿ ಪರೀಕ್ಷೆಗೊಳಪಟ್ಟು ಮಾನ್ಯತೆ ಪಡೆದಿರಬೇಕು; ಒಬ್ಬರ ಸಿಲಿಂಡರಿಗೆ ಇನ್ನೊಬ್ಬರ ದ್ರವ ತುಂಬಿದರೆ ಆ ಮಾನ್ಯತೆ ಉಳಿಯುವುದಿಲ್ಲ. ಮರುಭರ್ತಿ ಎಲ್ಲಿ ಮಾಡುತ್ತಾರೆ, ಎಷ್ಟು ದಿನದಲ್ಲಿ ತುಂಬಿ ಕೊಡುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ತುಂಬಲು ಹೋದ ಅಷ್ಟೂ ದಿನ ನಿಮ್ಮ ಕೊಠಡಿಗೆ ರಕ್ಷಣೆಯಿರುವುದಿಲ್ಲ.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಸರ್ವರ್ ರ‍್ಯಾಕನ್ನೂ ಮೇಜನ್ನೂ ಬೇರೆ ಕೊಠಡಿಗೆ ಸಾಗಿಸಿ, ಪ್ಯಾನಲ್ ರೂಮಿಗೆ ಜಾಗವಿದ್ದರೆ ಐಜಿ-541, ಜಾಗವಿಲ್ಲದಿದ್ದರೆ ಎಫ್‌ಕೆ-5-1-12 ಆರಿಸುತ್ತಿದ್ದೆ. ಮೊಗಸಾಲೆಯಲ್ಲಿ ಈಗಾಗಲೇ ನಾಲ್ಕು ಸಿಲಿಂಡರಿಗೆ ಸ್ಥಳವಿರುವುದರಿಂದ ಮೊದಲನೆಯದೇ ಹೊಂದಬಹುದು. ಹಳೆಯ ಸಿಒ2 ಪೈಪುಗಳನ್ನೇ ಬಳಸಿಕೊಳ್ಳೋಣ ಎಂದು ಯಾರಾದರೂ ಹೇಳಿದರೆ, ಹೊಸ ಅನಿಲಕ್ಕೆ ಆ ಪೈಪಿನ ಅಳತೆ ಮತ್ತು ಒತ್ತಡ ಸರಿಹೊಂದುತ್ತದೆಂಬ ಹೈಡ್ರಾಲಿಕ್ ಲೆಕ್ಕವನ್ನು ಬರವಣಿಗೆಯಲ್ಲಿ ಕೊಡದ ಹೊರತು ಒಪ್ಪಬೇಡಿ.

ನಿರ್ವಹಣೆಯ ಗುತ್ತಿಗೆಯಲ್ಲಿ ಗೇಜ್ ನೋಡಿ ಸಹಿ ಹಾಕುವುದಷ್ಟೇ ಸಾಲದು. ಸಿಒ2 ಸಿಲಿಂಡರಿಗೆ ಗೇಜೇ ಇರುವುದಿಲ್ಲ, ತೂಕ ಹಾಕಿಯೇ ತಿಳಿಯಬೇಕು, ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮರುಭರ್ತಿ. ಎಚ್‌ಎಫ್‌ಸಿ ಮತ್ತು ಎಫ್‌ಕೆ ಸಿಲಿಂಡರ್‌ಗಳಲ್ಲಿ ಮೇಲಿನ ಒತ್ತಡ ಸಾರಜನಕದ್ದಾದ್ದರಿಂದ, ಗೇಜ್ ಹಸಿರಿನಲ್ಲಿದ್ದರೂ ಒಳಗಿನ ಏಜೆಂಟ್ ಕಡಿಮೆಯಿರುವ ಸಾಧ್ಯತೆಯಿದೆ. ಅಲ್ಲಿ ತೂಕದಲ್ಲಿ ಶೇ. 5 ಅಥವಾ ಒತ್ತಡದಲ್ಲಿ ಶೇ. 10 ಮಿತಿ. ಜಡಾನಿಲದಲ್ಲಿ ಮಾತ್ರ ಒತ್ತಡವೇ ಪ್ರಮಾಣವನ್ನು ಹೇಳುತ್ತದೆ, ಮಿತಿ ಶೇ. 5. ಸಿಲಿಂಡರ್‌ಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೋದ ಅನುಮೋದನೆ ಪಡೆದವಾಗಿರಬೇಕು. ಕುತ್ತಿಗೆಯ ಮೇಲೆ ಕೆತ್ತಿರುವ ಪರೀಕ್ಷಾ ದಿನಾಂಕಗಳನ್ನು ಮಾಲು ಇಳಿಸಿಕೊಳ್ಳುವಾಗಲೇ ಓದಿ ಬರೆದಿಟ್ಟುಕೊಳ್ಳಿ. ಒಪ್ಪಿಸಿಕೊಳ್ಳುವ ದಿನ ಸಿಲಿಂಡರಿನ ಸೊಲೆನಾಯ್ಡನ್ನು (ವಿದ್ಯುತ್ ಸಂಕೇತದಿಂದ ವಾಲ್ವ್ ತೆರೆಯುವ ಭಾಗವನ್ನು) ಬಿಚ್ಚಿಟ್ಟು, ಎರಡೂ ವಲಯದ ಡಿಟೆಕ್ಟರ್‌ಗಳಿಗೆ ಹೊಗೆ ಹಿಡಿದು, ಎಣಿಕೆ ಮುಗಿಯುವವರೆಗೂ ನಿಂತು ನೋಡಿ: ಬ್ರೇಕರ್ ಬಿತ್ತೇ, ಜನರೇಟರ್ ಸುಮ್ಮನಿತ್ತೇ, ಏಸಿ ಮತ್ತು ಎಗ್ಸಾಸ್ಟ್ ನಿಂತವೇ, ಡ್ಯಾಂಪರ್ ಮುಚ್ಚಿತೇ, ಕೊನೆಗೆ ಸೊಲೆನಾಯ್ಡಿನ ಸೂಜಿ ಹೊರಬಂತೇ. ಇವುಗಳಲ್ಲಿ ಒಂದು ಆಗದಿದ್ದರೂ ಬಿಲ್ಲಿನ ಕೊನೆಯ ಕಂತನ್ನು ತಡೆಹಿಡಿಯಿರಿ.

ಡೋರ್ ಫ್ಯಾನ್ ಪರೀಕ್ಷೆಯ ವರದಿಯೂ ಸರಬರಾಜುದಾರರ ಲೆಕ್ಕದ ಹಾಳೆಯೂ ಕೈಗೆ ಬಂದ ಮೇಲೆ ಇಲ್ಲಿ ಹಾಕಿದರೆ, ಎತ್ತರದ ತಿದ್ದುಪಡಿ ಮತ್ತು ಒತ್ತಡ ಇಳಿಸುವ ಕಿಂಡಿಯ ಅಳತೆಯನ್ನು ನೋಡಿ ಹೇಳುತ್ತೇನೆ.